ಬೀಗ ಹಾಕಿದ ಬೆಳಗ್ಗೆ

ಫೆಬ್ರವರಿ 9

ಗಾಳಿ ಸಾಹೇಬರಿಗೆ ಅಕ್ಕನ ನಮಸ್ಕಾರ.

ಫೋನೂ ಸಿಗದ ದ್ವೀಪದಲ್ಲಿ ಕೂತು ಗಾಳಿ ಅಳೆಯುವ ಕೆಲಸ ಮುಗಿದಿದ್ದರೆ ಈ ಅಕ್ಕನ ಗೋಳು ಸ್ವಲ್ಪ ಕೇಳು. ನಮ್ಮ ಹಲ್ಲುಸೆಟ್ಟಿನ ಲ್ಯಾಬಿನ ಪಕ್ಕ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿ ಇದೆಯಲ್ಲ, ಅಲ್ಲಿ ಅಂಗೈಯಗಲದ ಕಂಪ್ಯೂಟರ್ ಬೋರ್ಡ್ ಒಂದನ್ನು ಕೊಂಡೆ. ಮನೆಗೆ ತಂದು, ಟಿವಿಗೆ ಸಿಕ್ಕಿಸಿ, ಸ್ವಿಚ್ ಹಾಕಿದರೆ ಒಂದು ಕೆಂಪು ದೀಪ ಬಿಟ್ಟು ಏನೂ ಇಲ್ಲ! ಕೆಟ್ಟ ಮಾಲು ಕೊಟ್ಟಿದ್ದಾರೆಂದು ಜಗಳಕ್ಕೇ ಹೋದೆ. ಅಂಗಡಿಯವರು ನನ್ನನ್ನು ಅಯ್ಯೋ ಪಾಪ ಎನ್ನುವ ಹಾಗೆ ನೋಡಿ, "ಮೇಡಂ, ಇದ್ರಲ್ಲಿ ಆಪರೇಟಿಂಗ್ ಸಿಸ್ಟಮ್ ಇರಲ್ಲ. ನೀವೇ ಒಂದನ್ನ ಆರಿಸ್ಕೊಂಡು ಮೆಮೊರಿ ಕಾರ್ಡಿಗೆ ಹಾಕ್ಬೇಕು" ಎಂದರು. ದುಡ್ಡು ಕೊಟ್ಟು ತಂದ ಯಂತ್ರಕ್ಕೆ ಬುದ್ಧಿಯನ್ನು ನಾನೇ ಹುಡುಕಿ ತುಂಬಬೇಕಂತೆ.

ಯಾವುದು ಹಾಕಲಿ ಎಂದರೆ ಒಂದೇ ಉಸಿರಿಗೆ ಹೇಳುತ್ತಾ ಹೋದರು. ದೊಡ್ಡ ಕಂಪ್ಯೂಟರಿನ ಹಾಗೆ ಕಿಟಕಿ, ಚಿತ್ರ ಎಲ್ಲ ಇರುವುದೊಂದು. ಬರೀ ಕಪ್ಪು ಪರದೆ, ಬಿಳಿ ಅಕ್ಷರದ್ದು ಇನ್ನೊಂದು. ಸಿನಿಮಾ ನೋಡುವವರಿಗೆ ಬೇರೆ, ಆಟ ಆಡುವವರಿಗೆ ಬೇರೆ. ತಲೆ ಗಿರ್ರೆಂದಿತು. ಹಲ್ಲು ಆರಿಸುವುದಾದರೆ ಬಣ್ಣ ನೋಡಿ ಹೇಳುತ್ತೇನೆ, ಇದನ್ನು ಏನು ನೋಡಿ ಆರಿಸುವುದು? ನಿಮ್ಮ ಕೇಂದ್ರದಲ್ಲೂ ಇಂಥದ್ದೇ ಬೋರ್ಡ್ ಗಾಳಿಯ ಲೆಕ್ಕ ಇಡುತ್ತದೆ ಎಂದಿದ್ದೆ. ನೀನೇ ಹೇಳು.

ಇದು ಅಮ್ಮನಿಗೆ ಹಳೆಯ ಹಾಡು ಕೇಳಿಸಲು, ಅಷ್ಟೇ. ನಾನು ಲ್ಯಾಬಿಗೆ ಹೋದ ಮೇಲೆ ಮನೆ ಬಿಕೋ ಎನ್ನುತ್ತದಲ್ಲ.

ಅಮ್ಮ ಚೆನ್ನಾಗಿದ್ದಾಳೆ. ಮೊನ್ನೆ ನನ್ನನ್ನು "ಟೀಚರ್" ಎಂದು ಕರೆದಳು. ನಾನು ಗದರಿಸುವುದು ಹಾಗಿರುತ್ತದೆ ಎಂದು ತಮಾಷೆಗೆ ಇರಬೇಕು.

ನಿನ್ನ ಅಕ್ಕ


ಫೆಬ್ರವರಿ 22

ಹಲ್ಲಿನ ಅಕ್ಕನಿಗೆ,

ನಿನ್ನ ಪತ್ರ ಓದಿ ದೀಪಸ್ತಂಭದ ಮೇಲಿನ ದೀಪದ ಕೋಣೆಯವರೆಗೂ ಕೇಳುವ ಹಾಗೆ ನಕ್ಕೆ. ನನ್ನ ಜೊತೆಗಿರುವ ಅಡುಗೆಯವರು ಏನಾಯಿತೆಂದು ಸೌಟು ಹಿಡಿದೇ ಓಡಿ ಬಂದರು. ಅಂಗಡಿಯವರ ಜೊತೆ ಜಗಳ ಆಡಿದೆಯಾ? ನೀನು ಆಡದೆ ಇನ್ಯಾರು ಆಡುತ್ತಾರೆ!

ಕೇಳು. ಆಪರೇಟಿಂಗ್ ಸಿಸ್ಟಮ್ ಆರಿಸುವಾಗ ಯಾವುದು ಒಳ್ಳೆಯದು ಎಂದು ಕೇಳಬಾರದು, ಯಾವ ಕೆಲಸಕ್ಕೆ ಎಂದು ಕೇಳಬೇಕು. ಚಿತ್ರವಿಚಿತ್ರ ಕಿಟಕಿಗಳಿರುವುದನ್ನು ಹಾಕಿದರೆ ಆ ಪುಟ್ಟ ಬೋರ್ಡ್ ಮೂಟೆ ಹೊತ್ತ ಹಾಗೆ ಏದುಸಿರು ಬಿಡುತ್ತದೆ. ನಿನಗೆ ಬೇಕಾದದ್ದು ಹಾಡು ಮಾತ್ರ. ಕಪ್ಪು ಪರದೆಯದನ್ನೇ ಹಾಕು. ಅದು ಒಂದು ರೀತಿಯ ಲಿನಕ್ಸ್. ನೋಡಲು ಬೋಳು, ಕೆಲಸಕ್ಕೆ ಗಟ್ಟಿ.

ಇನ್ನೊಂದು ಮಾತು. ನಮ್ಮ ಬೀದಿಯಲ್ಲಿ ಕರೆಂಟ್ ಹೋಗಿ ಬರುವುದು ಈಗಲೂ ಇದೆ ತಾನೆ? ಅಮ್ಮ ಸ್ವಿಚ್ಚನ್ನು ಪಟ್ಟನೆ ಆರಿಸುವವಳು. ಕಾರ್ಡಿಗೆ ಏನೋ ಬರೆಯುತ್ತಿರುವಾಗ ಕರೆಂಟ್ ಹೋದರೆ ಎಲ್ಲ ಕಲಸಿಹೋಗುತ್ತದೆ. ಅದಕ್ಕೇ ಅದರಲ್ಲಿ ಬೀಗ ಹಾಕುವ ಸೌಲಭ್ಯ ಇದೆ. ಹಾಡುಗಳನ್ನೆಲ್ಲ ತುಂಬಿ, ಸರಿಯಾಗಿ ನಡೆಯುತ್ತದೆ ಎಂದು ಖಾತ್ರಿಯಾದ ಮೇಲೆ ಬೀಗ ಹಾಕಿಬಿಡು. ಆಮೇಲೆ ಕಾರ್ಡಿನ ಮೇಲೆ ಒಂದಕ್ಷರವೂ ಬರೆಯಲಾಗುವುದಿಲ್ಲ. ಎಷ್ಟು ಸಲ ಕರೆಂಟ್ ಹೋಗಿ ಬಂದರೂ ನೀನು ಬೀಗ ಹಾಕಿದಾಗ ಹೇಗಿತ್ತೋ ಹಾಗೆಯೇ ಎದ್ದು ಕೂರುತ್ತದೆ. ಸಾಕುವ ತಾಪತ್ರಯವೇ ಇಲ್ಲ.

ಅಮ್ಮನಿಗೆ ಯಾವ ಹಾಡು ಹಾಕುತ್ತೀಯೆಂದು ಬರೆ. ಅವಳೂ ಹಾಡಿಕೊಳ್ಳುತ್ತಾಳೋ?

ತಮ್ಮ


ಮಾರ್ಚ್ 11

ತಮ್ಮಾ,

ನಿನ್ನ ಮಾತು ಕೇಳದೆ ಮೊದಲು ಕಿಟಕಿ, ಚಿತ್ರ ಇರುವುದನ್ನೇ ಹಾಕಿದೆ. ಆಸೆ ಬಿಡುತ್ತದೆಯೇ? ನೀಲಿ ಬೆಟ್ಟ, ಸರೋವರ ಎಲ್ಲ ಬಂತು. ಅಮ್ಮ ಟಿವಿಯ ಮುಂದೆ ಕೂತು "ಎಲ್ಲಿದು? ಯಾವಾಗ ಹೋಗೋದು?" ಎಂದು ಕೇಳಿದಳು. ಅಷ್ಟರಲ್ಲಿ ಕರೆಂಟ್ ಹೋಯಿತು. ಬಂದ ಮೇಲೆ ಬೆಟ್ಟವೂ ಇಲ್ಲ, ಸರೋವರವೂ ಇಲ್ಲ, ಪರದೆ ತುಂಬಾ ತಪ್ಪಿನ ಸಾಲುಗಳು. ಬೆಚ್ಚಿಬಿದ್ದೆ. ಇಷ್ಟು ಸುಲಭವಾಗಿ ಎಲ್ಲ ಅಳಿಸಿಹೋಗುತ್ತದೆಯೇ!

ಆಮೇಲೆ ನೀನು ಹೇಳಿದ್ದನ್ನೇ ಹಾಕಿದೆ. ಅಂಗಡಿಯವರು ಮನೆಗೇ ಬಂದು, ಬೋರ್ಡನ್ನು ಸ್ಪೀಕರ್ ಸಮೇತ ಒಂದು ಪೆಟ್ಟಿಗೆಯಲ್ಲಿಟ್ಟು ಕಪಾಟಿನ ಮೇಲೆ ಕೂರಿಸಿ, ಇಷ್ಟು ಗಂಟೆಗೆ ಇದನ್ನು ನುಡಿಸು ಎಂದು ಒಂದೊಂದು ಸಾಲು ಬರೆಯುವುದನ್ನು ಕಲಿಸಿಕೊಟ್ಟರು. ನಾನು ಮನೆಯಲ್ಲಿರುವಾಗ ಅದು ನನ್ನ ಫೋನಿನ ನೆಟ್ಟಿಗೆ ತಾನೇ ಅಂಟಿಕೊಂಡು ಗಂಟೆ ಸರಿಮಾಡಿಕೊಳ್ಳುತ್ತದೆ. ಒಂದು ವಾರ ನೋಡಿದೆ, ಒಂದು ನಿಮಿಷವೂ ಹೆಚ್ಚುಕಡಿಮೆ ಇಲ್ಲ. ಇವತ್ತು ಬೆಳಗ್ಗೆ ಲ್ಯಾಬಿಗೆ ಹೊರಡುವ ಮೊದಲು, ಎಂಟಾಗುವುದರೊಳಗೆ, ಬೀಗ ಹಾಕಿಬಿಟ್ಟೆ. ಎಂಟಕ್ಕೆ ಸರಿಯಾಗಿ ಅದು ಬಾಯಿ ಬಿಟ್ಟಿತು. ಅಮ್ಮನ ಮುಖ ನೋಡಬೇಕಿತ್ತು ನೀನು.

ನನ್ನ ಮಟ್ಟಿಗೆ ದೊಡ್ಡ ಹೊರೆ ಇಳಿದ ಹಾಗಾಗಿದೆ. ಯಾವ ಹೊರೆ ಎಂದು ಕೇಳಬೇಡ, ಸುಮ್ಮನೆ ಬರೆದೆ.

ಅಕ್ಕ


ಮಾರ್ಚ್ 24

ಅಕ್ಕಾ,

ಭಲೇ! ಹಲ್ಲು ಕಟ್ಟುವ ಕೈ ಕಂಪ್ಯೂಟರನ್ನೂ ಕಟ್ಟಿತು. ಸರಿಯಾದುದನ್ನೇ ಆರಿಸಿಕೊಟ್ಟೆನಲ್ಲ, ಶಭಾಷ್ ಎನ್ನಬೇಕು ನನಗೆ. ಮುಂದೆ ಯಾವಾಗಲಾದರೂ ಹೊತ್ತು ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡ. ಆ ಬೋರ್ಡುಗಳ ಸ್ವಭಾವವೇ ಹಾಗೆ. ಹಾಡು ಹೊತ್ತು ತಪ್ಪಿ ಬಂದರೆ ಯಾರ ಪ್ರಾಣ ಹೋಗುತ್ತದೆ?

ಈಗ ಒಂದು ವಿಷಯ. ಬೈಯಬಾರದು. ಸಾಮಾನಿನ ದೋಣಿಯಲ್ಲಿ ಮೇಲಧಿಕಾರಿಯ ಪತ್ರ ಬಂತು. ನನ್ನ ಬದಲಿಗೆ ಬರಬೇಕಿದ್ದವರು ಬರುವುದಿಲ್ಲವಂತೆ. ಇನ್ನೊಂದು ವರ್ಷ ಇರುತ್ತೀಯಾ ಎಂದು ಕೇಳಿದ್ದರು. ಅಮ್ಮನೂ ಚೆನ್ನಾಗಿದ್ದಾಳೆ, ನಿನ್ನ ಹೊರೆಯೂ ಇಳಿದಿದೆ ಎಂದೆಯಲ್ಲ. ಸಹಿ ಹಾಕಿ ಕಳಿಸಿಬಿಟ್ಟೆ. ನಿಜ ಹೇಳಬೇಕೆಂದರೆ ಇಲ್ಲಿ ನನಗೆ ನೆಮ್ಮದಿ. ಗಾಳಿ ಎಷ್ಟು ಎಂದು ಕೇಳುತ್ತಾರೆ, ಇಷ್ಟು ಎಂದು ಹೇಳುತ್ತೇನೆ. ಅದಕ್ಕಿಂತ ಹೆಚ್ಚಿನದನ್ನು ಯಾರೂ ಕೇಳುವುದಿಲ್ಲ.

ತಮ್ಮ


ಏಪ್ರಿಲ್ 7

ಸಹಿ ಹಾಕಿದೆಯಾ? ನನ್ನನ್ನು ಒಂದು ಮಾತು ಕೇಳದೆ?

ಪತ್ರ ಹಿಡಿದುಕೊಂಡು ಲ್ಯಾಬಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮೇಣದ ಅಚ್ಚು ಕೈಯಲ್ಲೇ ಕರಗಿಹೋಯಿತು. ಇನ್ನೇನು ಬೇಸಿಗೆ ಕಳೆದರೆ ಬರುತ್ತಾನೆ, ಬಂದ ಮೇಲೆ ಹೇಳಿದರಾಯಿತು, ಅಲ್ಲಿಯವರೆಗೆ ಹೇಗೋ ತಳ್ಳೋಣ ಎಂದುಕೊಂಡಿದ್ದೆ. ಹೋಗಲಿ ಬಿಡು. ಹಾಕಿದ ಸಹಿಯನ್ನು ನೆಕ್ಕಿ ಅಳಿಸಲಾಗುತ್ತದೆಯೇ?

ಅಮ್ಮನ ಸುದ್ದಿ ಕೇಳು, ನಗುತ್ತೀಯೆ. ಮೇಲಿನ ಮನೆಯ ನಿವೃತ್ತ ಕಂಡಕ್ಟರ್ ಇದ್ದಾರಲ್ಲ, ಮಧ್ಯಾಹ್ನ ಒಮ್ಮೆ ಇಣುಕಿ ನೋಡಿ ಹೋಗುತ್ತಾರೆ. ಮೊನ್ನೆ ನಾಲ್ಕು ಗಂಟೆಗೆ ಬಂದರೆ ಅಮ್ಮ ತಲೆ ಬಾಚಿಕೊಂಡು, "ಗುಡ್ ಮಾರ್ನಿಂಗ್, ತಿಂಡಿ ಆಯ್ತಾ?" ಎಂದಳಂತೆ. "ನಿಮ್ಮ ತಾಯಿಗೆ ನಾಲ್ಕು ಗಂಟೇಗೂ ಬೆಳಗ್ಗೇನೇ ಕಣಮ್ಮ, ಪುಣ್ಯವಂತರು" ಎಂದು ಅವರು ನಕ್ಕರು. ಔಷಧದ ಅಂಗಡಿಯವರದೂ ಒಂದು ತಮಾಷೆ. ಬಿಪಿ ಮಾತ್ರೆ ಇಷ್ಟು ಬೇಗ ಮುಗೀತಾ, ಹಂಚಿಕೊಂಡು ತಿಂತೀರಾ ಎಂದು ಕೇಳಿದರು. ನಾನೇ ಎಲ್ಲೋ ಎಣಿಕೆ ತಪ್ಪಿರಬೇಕು. ಈಚೆಗೆ ನನ್ನ ತಲೆಯೂ ಸರಿಯಿಲ್ಲ.

ನೀನು ಬರದಿದ್ದರೆ ಬೇಡ. ಅಮ್ಮನಿಗೆ ದಿನಾ ನಿನ್ನ ದನಿ ಕೇಳಿಸುತ್ತದೆ, ಅವಳಿಗೆ ಅಷ್ಟು ಸಾಕು.

ಅಕ್ಕ


ಏಪ್ರಿಲ್ 19

ಅಕ್ಕಾ, ಈ ಪತ್ರ ಓದುವ ಮೊದಲು ಆ ಪೆಟ್ಟಿಗೆಯ ತಂತಿ ಕಿತ್ತು ಬಾ. ಈಗಲೇ. ಆಮೇಲೆ ಓದು.

ಹಾಡಿನ ಪೆಟ್ಟಿಗೆಯಲ್ಲಿ ನನ್ನ ದನಿ ಎಲ್ಲಿಂದ ಬಂತು? ಅಮ್ಮ ನಾಲ್ಕು ಗಂಟೆಗೆ ಯಾಕೆ ಗುಡ್ ಮಾರ್ನಿಂಗ್ ಹೇಳುತ್ತಾಳೆ? ಮಾತ್ರೆ ಯಾಕೆ ಬೇಗ ಮುಗಿಯುತ್ತದೆ? ನೀನು ಬರೆದ ಈ ಮೂರು ಮಾತನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಹಿಂದಿನ ಕೆಲಸದಲ್ಲಿದ್ದಾಗ ನಾನು ದಿನಾ ಬೆಳಗ್ಗೆ ಫೋನಿನಲ್ಲಿ ಮುದ್ರಿಸಿ ಕಳಿಸುತ್ತಿದ್ದ ಮಾತು, "ಅಮ್ಮಾ, ಗುಡ್ ಮಾರ್ನಿಂಗ್, ಎದ್ದೆಯಾ? ಮಾತ್ರೆ ತಗೋ." ಅದನ್ನೇ ಹಾಕಿದ್ದೀಯಾ? ಆ ಪೆಟ್ಟಿಗೆ ಅಮ್ಮನಿಗೆ ಮಾತ್ರೆ ಕೊಡುತ್ತಿದೆಯಾ? ನನಗೆ ಯಾಕೆ ಹೇಳಲಿಲ್ಲ?

ಆ ಬೋರ್ಡಿಗೆ ಸ್ವಂತ ಗಡಿಯಾರ ಇಲ್ಲ, ಅಕ್ಕಾ. ಕರೆಂಟ್ ಹೋದರೆ ಹೊತ್ತು ಎಷ್ಟಾಯಿತೆಂದು ಅದಕ್ಕೆ ಗೊತ್ತಾಗುವುದಿಲ್ಲ. ನೆಟ್ ಸಿಕ್ಕರೆ ಕೇಳಿ ತಿಳಿದುಕೊಳ್ಳುತ್ತದೆ. ಸಿಗದಿದ್ದರೆ ಕಾರ್ಡಿನಲ್ಲಿ ಕೊನೆಗೆ ಬರೆದಿಟ್ಟ ಹೊತ್ತನ್ನೇ ಈಗಿನ ಹೊತ್ತು ಎಂದು ನಂಬುತ್ತದೆ. ನೀನು ಕಾರ್ಡಿಗೆ ಬೀಗ ಹಾಕಿದ್ದೀಯೆ. ಬೀಗ ಹಾಕಿದ್ದು ಬೆಳಗ್ಗೆ, ಎಂಟಕ್ಕೆ ಸ್ವಲ್ಪ ಮೊದಲು. ನಿನ್ನ ಫೋನು ನಿನ್ನ ಜೊತೆ ಲ್ಯಾಬಿಗೆ ಹೋಗುತ್ತದೆ. ಹಾಗಾಗಿ ನೀನಿಲ್ಲದಾಗ ಕರೆಂಟ್ ಹೋಗಿ ಬಂದಾಗಲೆಲ್ಲ ಆ ಮನೆಯಲ್ಲಿ ಅದೇ ಬೆಳಗ್ಗೆ ಮತ್ತೆ ಶುರುವಾಗುತ್ತದೆ, ಸ್ವಲ್ಪ ಹೊತ್ತಿಗೆ ನಾನು ಮಾತ್ರೆ ತಗೋ ಎನ್ನುತ್ತೇನೆ. ಸಂಜೆ ನೀನು ಬಂದ ಕೂಡಲೇ ಅದು ನಿನ್ನ ಫೋನು ನೋಡಿ ಹೊತ್ತು ಸರಿಮಾಡಿಕೊಂಡು ಸಾಚಾ ಆಗಿಬಿಡುತ್ತದೆ.

ನನಗೆ ಇದು ಗೊತ್ತಿತ್ತು. ಹಾಡಿಗೆ ಏನಂತೆ ಎಂದು ಬರೆಯಲಿಲ್ಲ.

ಇಲ್ಲಿಂದ ದಡಕ್ಕೆ ಸುದ್ದಿ ಕಳಿಸುವ ಯಂತ್ರದಲ್ಲಿ ಗಾಳಿಯ ಅಂಕಿ ಬಿಟ್ಟು ಬೇರೇನೂ ಹೋಗುವುದಿಲ್ಲ. ಸಾಮಾನಿನ ದೋಣಿ ಬರಲು ಇನ್ನೂ ದಿನವಿದೆ. ಪ್ರಾಣಕ್ಕೆ ಬಂದಾಗ ಹಾರಿಸಲೆಂದು ಕೊಟ್ಟಿರುವ ಬೆಂಕಿಬಾಣ ಹಾರಿಸಿದೆ. ಮೀನಿನ ದೋಣಿಯವರು ಹೆದರಿ ಓಡಿ ಬಂದರು. ಇಲ್ಲಿ ಯಾರಿಗೂ ಏನೂ ಆಗಿಲ್ಲ ಎಂದು ತಿಳಿದು ಮುಖಕ್ಕೆ ಉಗಿಯುವುದೊಂದು ಬಾಕಿ. ಅವರ ಕೈಯಲ್ಲೇ ಈ ಪತ್ರ ಕೊಡುತ್ತಿದ್ದೇನೆ. ನಿನ್ನ ನಂಬರನ್ನೂ ಕೊಟ್ಟಿದ್ದೇನೆ, ದಡ ಮುಟ್ಟಿದ ಕೂಡಲೇ ಫೋನ್ ಮಾಡುತ್ತಾರೆ. ಅವರು ಹೇಳಿದ ಹಾಗೆ ಮಾಡು.

ತಮ್ಮ


ಏಪ್ರಿಲ್ 22, ಆಸ್ಪತ್ರೆಯಿಂದ

ತಮ್ಮಾ,

ಹೇಗೆ ಬರೆಯಲಿ? ನಿನ್ನೆ ಅಮ್ಮ ಅಡುಗೆಮನೆಯಲ್ಲಿ ಬಿದ್ದುಬಿಟ್ಟಳು. ಕಂಡಕ್ಟರ್ ಬಾಗಿಲು ತಟ್ಟಿದರೆ ಉತ್ತರವಿಲ್ಲ. ಅವರೇ ಎತ್ತಿಕೊಂಡು ಆಟೋದಲ್ಲಿ ಆಸ್ಪತ್ರೆಗೆ ತಂದಿದ್ದಾರೆ. ನಾನು ಬರುವ ಹೊತ್ತಿಗೆ ಅವಳ ಕೈ ಮಂಜುಗಡ್ಡೆ. ರಕ್ತದೊತ್ತಡ ಪಾತಾಳಕ್ಕೆ ಇಳಿದಿತ್ತು. ಜೀವ ಇದೆ. ಕಣ್ಣು ಬಿಟ್ಟಿಲ್ಲ.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಬಿಪಿ ಮಾತ್ರೆ ಹೆಚ್ಚಾಗಿ ಹೋಗಿದೆ. ಮನೇಲಿ ಮಾತ್ರೆ ಕೊಡೋದು ಯಾರು?" ಎಂದರು.

"ನನ್ನ ತಮ್ಮ" ಎಂದೆ.

"ಕರೀರಿ ಅವರನ್ನ."

"ದ್ವೀಪದಲ್ಲಿದಾನೆ, ಡಾಕ್ಟ್ರೇ."

ಅವರು ಪೆನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. ಆ ನೋಟ ಇನ್ನೂ ಚುಚ್ಚುತ್ತಿದೆ. ನಾನೇ ತಾಯಿಗೆ ಏನೋ ಮಾಡಿದ್ದೇನೆ ಎಂದುಕೊಂಡಿರಬೇಕು.

ಇನ್ನು ಮುಚ್ಚಿಟ್ಟು ಏನು ಮಾಡಲಿ? ಅಮ್ಮನಿಗೆ ಮರೆವಿನ ಕಾಯಿಲೆ. ನೀನು ಹೋದ ಮೇಲೆ ಶುರುವಾಯಿತು. ನಾನು ಅವಳಿಗೆ ಟೀಚರ್, ಒಮ್ಮೊಮ್ಮೆ ನರ್ಸ್. ನನ್ನ ಕೈಯಿಂದ ಮಾತ್ರೆ ತೆಗೆದುಕೊಳ್ಳುವುದಿಲ್ಲ. "ನೀವ್ಯಾರು ನನಗೆ ವಿಷ ಕೊಡೋಕೆ?" ಎಂದು ಉಗುಳುತ್ತಾಳೆ. ಒಂದು ದಿನ ಫೋನಿನಲ್ಲಿ ನಿನ್ನ ಹಳೆಯ ಮಾತು ಆಕಸ್ಮಿಕವಾಗಿ ನುಡಿಯಿತು. ಕೂಡಲೇ ಮಾತ್ರೆ ಬಾಯಿಗೆ ಹಾಕಿಕೊಂಡಳು. ಅವತ್ತೇ ಆ ಬೋರ್ಡ್ ಕೊಂಡದ್ದು. ಹಾಡು ಗೀಡು ಎಲ್ಲ ಸುಳ್ಳು. ನಿಜ ಹೇಳಿದರೆ ನೀನು ಕೆಲಸ ಬಿಟ್ಟು ಓಡಿ ಬರುತ್ತೀಯೆಂದು ಹೆದರಿದ್ದೆ.

ಬಟ್ಟಲಲ್ಲಿ ದಿನಕ್ಕೆ ಒಂದೇ ಮಾತ್ರೆ ಇಟ್ಟು ಹೋಗುತ್ತಿದ್ದೆ. ಬಾಟಲಿ ಬೀರುವಿನಲ್ಲಿತ್ತು. ಮಗಳ ಹೆಸರು ಮರೆತಳು, ಬೀರುವಿನ ಬೀಗದ ಕೈ ಎಲ್ಲಿದೆಯೆಂದು ಮರೆಯಲಿಲ್ಲ. ಆದರೆ ಯಾಕೆ ತೆಗೆದುಕೊಂಡಳೆಂದು ಗೊತ್ತಾಗುತ್ತಿಲ್ಲ. ಪೆಟ್ಟಿಗೆಯನ್ನು ದೂರುವ ಹಾಗಿಲ್ಲ. ಮನೆಗೆ ಹೋಗಿ ಟಿವಿಗೆ ಸಿಕ್ಕಿಸಿ ನೋಡಿದೆ, ಸರಿಯಾದ ಹೊತ್ತನ್ನೇ ತೋರಿಸುತ್ತಿತ್ತು.

ಮೊನ್ನೆಯಿಂದ ಎಲ್ಲ ವಿಚಿತ್ರ. ಲ್ಯಾಬಿನಲ್ಲಿದ್ದಾಗ ಯಾರೋ ಅಪರಿಚಿತರು ಫೋನ್ ಮಾಡಿ, ಹೆಸರಿಲ್ಲ ಕುಲವಿಲ್ಲ, "ಪೆಟ್ಟಿಗೆ ತಂತಿ ಕೀಳಮ್ಮ" ಎಂದರು. ಈಗ ದಿನಬೆಳಗಾದರೆ ಮೋಸದ ಫೋನುಗಳಲ್ಲವೇ! ಚೆನ್ನಾಗಿ ಬೈದು ಇಟ್ಟೆ. ಮತ್ತೆ ಮಾಡಿದರು. ಆ ನಂಬರನ್ನೇ ಬಂದ್ ಮಾಡಿಸಿದೆ.

ಅಕ್ಕ


ಏಪ್ರಿಲ್ 30

ನಿನ್ನ ಪತ್ರ ಮೊನ್ನೆ, ಅಮ್ಮ ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ, ಕೈಸೇರಿತು. ಮೀನಿನ ವಾಸನೆ ಹೊಡೆಯುತ್ತಿತ್ತು. ಮೊದಲ ಸಾಲು ಓದುತ್ತಿದ್ದ ಹಾಗೆ, ಫೋನಿನಲ್ಲಿ ನಾನು ಬೈದದ್ದು ಯಾರಿಗೆಂದು ಗೊತ್ತಾಯಿತು. ಅವರು ಫೋನ್ ಮಾಡಿದ ಮರುದಿನವೇ ಅಮ್ಮ ಬಿದ್ದದ್ದು.

ನಂಬಲಾಗದೆ ಪರೀಕ್ಷೆ ಮಾಡಿದೆ. ಫೋನ್ ಆರಿಸಿದೆ. ಪೆಟ್ಟಿಗೆಯ ತಂತಿ ಕಿತ್ತು ಮತ್ತೆ ಸಿಕ್ಕಿಸಿ, ಎದುರಿಗೆ ಕೂತೆ. ಹೊರಗೆ ಸುಡುವ ಮಧ್ಯಾಹ್ನ. ಸ್ವಲ್ಪ ಹೊತ್ತಿಗೆ ನೀನು, "ಅಮ್ಮಾ, ಗುಡ್ ಮಾರ್ನಿಂಗ್, ಎದ್ದೆಯಾ?" ಎಂದೆ. ಎಷ್ಟು ಅಕ್ಕರೆ ಆ ದನಿಯಲ್ಲಿ! ಎದ್ದು ನಿಂತು ಚೀರಿಬಿಟ್ಟೆ. ಕಂಡಕ್ಟರ್ ಓಡಿ ಬಂದರು. ಅವರ ಮುಂದೆ ಮತ್ತೊಮ್ಮೆ ಕಿತ್ತು ಹಾಕಿದೆ. ಮತ್ತೆ ಗುಡ್ ಮಾರ್ನಿಂಗ್. ಅವರು, "ನಾನು ಇದಕ್ಕೇ ನಕ್ಕಿದ್ದಲ್ವಾ ಕಣಮ್ಮ" ಎಂದರು.

ಹಾಡು ಹೊತ್ತು ತಪ್ಪಿ ಬಂದರೆ ಯಾರ ಪ್ರಾಣ ಹೋಗುತ್ತದೆ ಎಂದು ಕೇಳಿದ್ದೆಯಲ್ಲ. ನಿನ್ನ ಮೇಲೆ ಸಿಟ್ಟು ಬರಲಿಲ್ಲವೆಂದರೆ ಸುಳ್ಳು. ಬಂತು. ಆದರೆ ಹಾಡಿಗೆಂದು ಸುಳ್ಳು ಹೇಳಿ ಕೇಳಿದವಳು ನಾನು, ಹಾಡಿಗೆ ತಕ್ಕದ್ದನ್ನು ಆರಿಸಿಕೊಟ್ಟವನು ನೀನು.

ಅಮ್ಮ ಕಣ್ಣು ಬಿಟ್ಟಿದ್ದಾಳೆ. ನಿನ್ನೆ ಮನೆಗೆ ಕರೆತಂದೆ. ಡಾಕ್ಟರಿಗೂ ಎಲ್ಲ ಹೇಳಿದೆ. ಈಗ ಹೊಸ ಮಾತ್ರೆ ಕೊಟ್ಟಿದ್ದಾರೆ, ಒಂದು ದಿನವೂ ತಪ್ಪಿಸಬಾರದು, ಹೆಚ್ಚೂ ಆಗಬಾರದು, ಎದುರಿಗೆ ಒಬ್ಬ ಮನುಷ್ಯ ನಿಂತೇ ನುಂಗಿಸಬೇಕು ಎಂದಿದ್ದಾರೆ. ಆಸ್ಪತ್ರೆಯಲ್ಲಿ ಸೂಜಿಯಲ್ಲಿ ಕೊಡುತ್ತಿದ್ದರು. ಇಲ್ಲಿ ನನ್ನ ಕೈ ನೋಡಿದರೆ ಹಲ್ಲು ಕಚ್ಚುತ್ತಾಳೆ. ನಿನ್ನೆಯಿಂದ ಒಂದೂ ನುಂಗಿಲ್ಲ. ಕಪಾಟಿನ ಮೇಲೆ ಪೆಟ್ಟಿಗೆ ಇದ್ದ ಜಾಗವನ್ನು ನೋಡುತ್ತಾ ಕೂತಿದ್ದಾಳೆ.

ಇನ್ನು ಯಾವ ಸಿಸ್ಟಮ್ಮೂ ಬೇಡ. ನೀನೇ ಬಾ.

ಅಕ್ಕ


ಜೂನ್ 14, ಮನೆ

ಅಕ್ಕಾ,

ಹೊಸ ಊರಿನಲ್ಲಿ ಲ್ಯಾಬಿನ ತರಬೇತಿ ಹೇಗೆ ನಡೆಯುತ್ತಿದೆ? ಹಲ್ಲು ಕೊರೆಯುವ ಆ ಹೊಸ ಯಂತ್ರದ ಜೊತೆಗೂ ಜಗಳ ಶುರುವಾಯಿತೋ? ನಾನು ದ್ವೀಪದ ಕೆಲಸ ಬಿಟ್ಟು ಬಂದು, ಹೋಗುವುದಿಲ್ಲ ಎಂದು ಹಟ ಹಿಡಿದಿದ್ದವಳನ್ನು ದಬ್ಬಿ ಕಳಿಸಿದ್ದಕ್ಕೆ ಕೋಪ ಇಳಿದಿರಬೇಕು. ನೀನು ಹೋಗುವವರೆಗೆ ಹೇಗೋ ಮಾತ್ರೆಯನ್ನು ಬಾಳೆಹಣ್ಣಿನೊಳಗೆ ಇಟ್ಟು ಅರ್ಧಂಬರ್ಧ ನುಂಗಿಸುತ್ತಿದ್ದೆವಲ್ಲ. ನೀನು ಹೊರಟ ಮರುದಿನ ಅದನ್ನೂ ಪತ್ತೆಹಚ್ಚಿ ಉಗಿದಳು. ಫೋನಿನಲ್ಲಿ ನಿನಗೆ ಎಲ್ಲ ಸರಿಯಿದೆ ಎಂದೆ. ಇನ್ನು ನಿನ್ನಿಂದ ಏನನ್ನೂ ಮುಚ್ಚಿಡುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ, ಆದರೆ ಬಾಯಲ್ಲಿ ಹೇಳಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಬೆಳಗ್ಗೆ ಧೈರ್ಯ ಮಾಡಿ, ಮಾತ್ರೆ, ನೀರು ಹಿಡಿದು ಅಮ್ಮನ ಎದುರಿಗೇ ನಿಂತೆ. ಇಲ್ಲಿಯವರೆಗೆ ಹಾಗೆ ಮಾಡಿರಲಿಲ್ಲ, ಆ ಮಾತು ನಾಲಿಗೆಗೆ ಬರುತ್ತಲೇ ಇರಲಿಲ್ಲ. ಅವಳ ಮುಖ ನೋಡುತ್ತಾ, "ಅಮ್ಮಾ, ಗುಡ್ ಮಾರ್ನಿಂಗ್, ಎದ್ದೆಯಾ?" ಎಂದೆ.

ಅವಳ ಮುಖ ಅರಳಿತು. ಅಕ್ಕಾ, ಆ ಒಂದು ಗಳಿಗೆ ನನ್ನ ಗುರುತು ಸಿಕ್ಕಿತೆಂದೇ ತಿಳಿದೆ. ಅವಳು ನನ್ನನ್ನು ಕೈಯಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ, ಕಪಾಟಿನ ಕಡೆ ಕತ್ತು ಚಾಚಿ, "ಶ್! ಸ್ವಲ್ಪ ಸುಮ್ನಿರಿ. ನನ್ನ ಮಗ ಮಾತಾಡ್ತಿದಾನೆ" ಎಂದಳು.

ಆಮೇಲೆ ಮಾತ್ರೆ, ನೀರಿನ ಲೋಟ ಎರಡನ್ನೂ ಅವಳ ಪಕ್ಕ ಇಟ್ಟು ಅಡುಗೆಮನೆಗೆ ಹೋದೆ. ಕಪಾಟಿನ ಹಿಂದಿನ ಗೋಡೆಯಲ್ಲಿ ಗಾಳಿಗೆಂದು ಬಿಟ್ಟ ಕಿಂಡಿ ಇದೆಯಲ್ಲ, ಅದಕ್ಕೆ ಬಾಯಿ ಹಚ್ಚಿ, "ಅಮ್ಮಾ, ಮಾತ್ರೆ ತಗೋ" ಎಂದೆ. ಕಿಂಡಿಯಿಂದ ನೋಡಿದೆ. ನುಂಗಿದಳು. ನೀರನ್ನೂ ಪೂರ್ತಿ ಕುಡಿದಳು.

ಹೊರಗೆ ಬಂದು ಲೋಟ ಎತ್ತಿಕೊಳ್ಳುತ್ತಿದ್ದಾಗ ಅಮ್ಮ ನನ್ನ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.

"ಕೇಳಿದ್ರಾ? ನನ್ನ ಮಗ. ನನ್ನನ್ನ ಬಿಟ್ಟು ಒಂದಿನಾನೂ ಎಲ್ಲೂ ಹೋದೋನಲ್ಲ."

ತಮ್ಮ